ಒಲೆಗೆ ಜಳಕ

ಮಂಗಳವಾರ, ಡಿಸೆಂಬರ್ 9

ಇವತ್ತು ನನ್ನ ರೊಟ್ಟಿ ಉಬ್ಬಿತು! ಮದುವೆಯಾಗಿ ಎರಡೇ ತಿಂಗಳು, ಕಟ್ಟಿಗೆ ಒಲೆಯ ಮೇಲೆ ನಾನೇ ಬಡಿದ ಜೋಳದ ರೊಟ್ಟಿ, ಥೇಟ್ ಪೂರಿಯ ಹಾಗೆ!

ಕಮಲಾಪುರದ ಸಂತೆಯಲ್ಲಿ ಅತ್ತೆ ಕಬ್ಬಿಣದ ಒಲೆ ತೋರಿಸಿದ್ದರು. ನಾನು ಹಟ ಹಿಡಿದು ಮಣ್ಣಿನದನ್ನೇ ಆರಿಸಿದೆ, ಅಷ್ಟು ಮುದ್ದಾಗಿತ್ತು. ಮನೆಗೆ ತಂದವಳೇ ಹೊಸ ಪಾತ್ರೆಯೆಂಬಂತೆ ನಲ್ಲಿಯ ಕೆಳಗಿಟ್ಟು ತೊಳೆದೆ. ಒಂದು ಅಂಚು ಕರಗಿ ಕೈಗೇ ಬಂತು. ಅಮ್ಮ ಬಂದಾಗ ನಾನೇ ಒಲೆ ಹಚ್ಚಿ ರೊಟ್ಟಿ ಮಾಡುತ್ತೇನೆಂದು ಫೋನಿನಲ್ಲಿ ಜಂಬ ಕೊಚ್ಚಿದ್ದೆ. ಅಳುವುದೊಂದೇ ಬಾಕಿ.

"ಅಯ್ಯ ನನ್ನವ್ವ, ಒಲಿಗೆ ಜಳಕ ಮಾಡ್ಸೀಯಲ್ಲ!" ಅತ್ತೆ ನಕ್ಕು ನಕ್ಕು ಗೋಡೆ ಹಿಡಿದರು. ಆಮೇಲೆ ಮಣ್ಣು, ಸಗಣಿ ಕಲಸಿ ತಾವೇ ಮೆತ್ತಿದರು. "ನಾಕು ದಿನ ಬಿಸಲಾಗ ಇಡು. ಮಹಾದೇವನ ಮುಂದ ಬಾಯಿ ಬಿಡಬ್ಯಾಡ, ವರ್ಷಗಟ್ಟಲೆ ಕಾಡ್ತಾನ."

ಇವತ್ತು ಸಂಜೆ ತೊಗರಿ ಕಟ್ಟಿಗೆ ಹಚ್ಚಿದೆ. ಎರಡು ರೊಟ್ಟಿ ಹರಿದವು, ಮೂರನೆಯದು ಉಬ್ಬಿತು. ನನ್ನ ಗಂಡ ಮಹಾದೇವ ತಿನ್ನುತ್ತಾ ಕೇಳಿದ: "ಈ ಒಲಿ ಒಂದು ಕಡಿ ದಪ್ಪ ಯಾಕದ?"

"ಹಂಗೇ ಇರ್ತದ, ಸುಮ್ನ ಉಣ್ಣು," ಅಂದರು ಅತ್ತೆ.

ಅವರನ್ನು ಅಲ್ಲೇ ಅಪ್ಪಿಕೊಳ್ಳಬೇಕೆನಿಸಿತು, ಕೈಯೆಲ್ಲ ಹಿಟ್ಟು.

ಅಮ್ಮನಿಗೆ ಮಾತ್ರ ಎಲ್ಲಾ ಹೇಳಿಬಿಡುತ್ತೇನೆ. ಅವಳು ಬರುವುದು ಶನಿವಾರ ಬೆಳಿಗ್ಗೆ, ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ.