ಯಾವ ‘ನಾವು’?

ಇಸವಿ ೨೩೧೧, ಫೆಬ್ರವರಿ ೩೦

ಹಿಂದಿನ ಕಾಲದವರಿಗೆ ಪಡುಬೆಟ್ಟು ಮನೆಯ ಯಜಮಾನ್ತಿ ಸಂಕಮ್ಮ ಬರೆಯುವುದು.

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತು ದಿನ, ಮಿಕ್ಕ ದಿನಗಳು ಹಬ್ಬಕ್ಕೆ. ನನ್ನ ಕೆಲವು ಶಬ್ದಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ನಾನು ಹೈಸ್ಕೂಲು ಮುಗಿಸಿದವಳು, ವ್ಯಾಕರಣದಲ್ಲಿ ತರಗತಿಗೇ ಮೊದಲು. ತಪ್ಪು ನನ್ನದಲ್ಲ, ಕಾಲದ್ದು.

ನಿಮ್ಮ ಕನ್ನಡದಲ್ಲಿ ‘ನಾವು’ ಒಂದೇ ಇತ್ತಂತೆ. ನಮ್ಮ ಕರಾವಳಿಯ ತುಳುವಿನಲ್ಲಿ ಆಗಲೂ ಎರಡು: ಕೇಳುವವರನ್ನು ಸೇರಿಸಿಕೊಂಡರೆ ‘ನಮ’, ಬಿಟ್ಟರೆ ‘ಎಂಕುಲು’. ನನ್ನ ಮುತ್ತಜ್ಜಿಯ ಕಾಲದಲ್ಲಿ ಒಂದು ಯುದ್ಧವಾಯಿತು. ಮಂತ್ರಿಗಳು ‘ನಾವು ಹೋರಾಡುತ್ತೇವೆ’ ಎಂದರು, ಹೋದದ್ದು ಬೇರೆಯವರ ಮಕ್ಕಳು. ಆಮೇಲೆ ಕನ್ನಡಕ್ಕೂ ಎರಡು ಮಾಡಿದರು: ಕೂಡುನಾವು, ಬಿಡುನಾವು. ‘ಬಿಡುನಾವು ಊಟಕ್ಕೆ ಕೂರುತ್ತೇವೆ’ ಎಂದರೆ ಬಂದವರು ಚಪ್ಪಲಿ ಹುಡುಕಿಕೊಳ್ಳಬೇಕು. ಮನೆಗೆ ಬಂದ ಅಳಿಯ ಮೊದಲ ಸಲ ‘ಕೂಡುನಾವು’ ಎಂದ ದಿನ ಪಾಯಸ ಮಾಡುತ್ತೇವೆ. ನನ್ನ ಕಿರಿಯ ಅಳಿಯನಿಗೆ ಆ ಪಾಯಸ ಇನ್ನೂ ಸಿಕ್ಕಿಲ್ಲ. ಸರಕಾರದ ಆಜ್ಞೆಯಲ್ಲಿ ಇವೆರಡರಲ್ಲಿ ಒಂದು ಇರಲೇಬೇಕೆಂಬುದು ಕಾನೂನು. ನಿಮಗೆ ತಿಳಿಯಲೆಂದು ಈ ಪತ್ರದಲ್ಲಿ ನಾನು ಹಳೆಯ ಶಬ್ದವನ್ನೇ ಬಳಸಿದ್ದೇನೆ.

ಈಗ ಉತ್ತರದ ಕಡಲಿನ ಎರಡು ದೇಶಗಳು ಬಂಗುಡೆ ಮೀನಿಗಾಗಿ ಹೊಡೆದಾಡುತ್ತಿವೆ. ನೀರು ಬಿಸಿಯಾಗಿ ಬಂಗುಡೆ ಇಲ್ಲಿಂದ ಅಲ್ಲಿಗೆ ಹೋಗಿ ಮೂರು ತಲೆಮಾರಾಯಿತು; ನಾನು ಚಿತ್ರದಲ್ಲಿ ಮಾತ್ರ ನೋಡಿದ್ದೇನೆ. ಅದು ಮೂಲದಲ್ಲಿ ನಮ್ಮ ಮೀನೆಂದು ಸರಕಾರಕ್ಕೆ ಈಗ ನೆನಪಾಗಿದೆ. ನಿನ್ನೆ ಆಜ್ಞೆ ಬಂತು: ‘ನಾವು ಈ ಯುದ್ಧಕ್ಕೆ ಸೇರುತ್ತೇವೆ.’ ಬರೀ ‘ನಾವು’.

ಆಜ್ಞೆ ತಂದ ಗುಮಾಸ್ತ ಪೂವಪ್ಪನನ್ನು ಕೇಳಿದೆ. “ಹಳೇ ಶಬ್ದ ಅಮ್ಮ, ಕೇಳ್ಲಿಕ್ಕೆ ಒಂದು ಗತ್ತು ಉಂಟಲ್ಲ?” ಎಂದ. “ಗತ್ತು ಇರ್ಲಿ, ಹೋಗುವುದು ಯಾರು?” ಎಂದರೆ ಕೊಡೆ ಬಿಡಿಸಿಕೊಂಡು ಹೊರಟ. ಎದುರುಮನೆಯ ತಿಮ್ಮಪ್ಪ ಆಜ್ಞೆ ಓದಿ, “ಅವರು ಹೋಗ್ತಾರಂತೆ, ಹೋಗ್ಲಿ, ನಮಗೆಂತ?” ಎಂದು ಬಲೆ ಹೆಣೆಯತೊಡಗಿದ. ಅದನ್ನೇ ಓದಿದ ನನ್ನ ಮೊಮ್ಮಗಳು ವಾರಿಜಾ, ದೋಣಿಯ ಇಂಜಿನು ರಿಪೇರಿ ಮಾಡುವವಳು, ಬಟ್ಟೆ ಗಂಟು ಕಟ್ಟಿದಳು.

“ನನ್ನನ್ನೇ ಕರೆದ ಹಾಗೆ ಆಯ್ತು ಅಜ್ಜಿ.”

“ಬಂಗುಡೆಯ ರುಚಿ ಗೊತ್ತುಂಟಾ ನಿನಗೆ?”

“ಇಲ್ಲ. ಅದಕ್ಕೇ ಸಿಟ್ಟು ಬರ್ತದೆ.”

ತಿಮ್ಮಪ್ಪ ಹೇಡಿಯಲ್ಲ, ಹೋದ ಮಳೆಗಾಲದಲ್ಲಿ ಮುಳುಗುತ್ತಿದ್ದವನನ್ನು ಕಡಲಿಗೆ ಹಾರಿ ಎಳೆದು ತಂದವನು. ವಾರಿಜಾ ದಡ್ಡಿಯಲ್ಲ. ಒಂದೇ ಶಬ್ದದ ಒಳಗೆ ಇವಳು ಹೇಗೆ ಹೊಕ್ಕಳು, ಅವನು ಹೇಗೆ ಹೊರಗುಳಿದ, ನನಗೆ ತಿಳಿಯುತ್ತಿಲ್ಲ. ತಿಳಿಯುತ್ತಿಲ್ಲ ಎಂದು ಬರೆದು ನನಗೆ ಅಭ್ಯಾಸವಿಲ್ಲ.

ಯಜಮಾನ್ತಿಯ ಒಪ್ಪಿಗೆಯಿಲ್ಲದೆ ಯುದ್ಧದ ಹಡಗು ಯಾರನ್ನೂ ಹತ್ತಿಸಿಕೊಳ್ಳುವುದಿಲ್ಲ. ‘ನಾವು ನಿನ್ನನ್ನು ಕಳಿಸುತ್ತೇವೆ’ ಎಂದು ಅವಳ ಮುಖ ನೋಡಿ ಹೇಳಬೇಕು. ನಾನು ಸರಕಾರವಲ್ಲ, ಬರೀ ‘ನಾವು’ ಎಂದು ಜಾರಿಕೊಳ್ಳಲಾರೆ. ‘ಬಿಡುನಾವು’ ಎಂದರೆ ಅವಳನ್ನು ಈಗಲೇ ಮನೆಯಿಂದ ಹೊರಗಿಟ್ಟಂತೆ. ‘ಕೂಡುನಾವು’ ಎಂದರೆ ಅವಳೇ ತನ್ನನ್ನು ಕಳಿಸಿಕೊಂಡಂತೆ, ನಾನು ಕೈ ತೊಳೆದುಕೊಂಡಂತೆ. ಏನೂ ಹೇಳದಿದ್ದರೆ ಅವಳು ಇಲ್ಲೇ ಉಳಿಯುತ್ತಾಳೆ, ಆದರೆ ಇನ್ನು ನನ್ನೊಡನೆ ಮಾತಾಡಲಾರಳು.

ನಿಮ್ಮ ಕಾಲದಲ್ಲಿ ಮಕ್ಕಳನ್ನು ಪರದೇಶದ ಯುದ್ಧಕ್ಕೆ ಕಳಿಸಿದ ಅಜ್ಜಿಯರು ಯಾವ ‘ನಾವು’ ಮನಸ್ಸಿನಲ್ಲಿಟ್ಟುಕೊಂಡು ಹೇಳಿದರು? ಯಾರಾದರೂ ಬದುಕಿದ್ದರೆ ಕೇಳಿ ಬರೆದಿಡಿ.

ವಾರಿಜಾ ಗಂಟು ಹಿಡಿದು ಜಗಲಿಯಲ್ಲಿ ಕೂತಿದ್ದಾಳೆ. ನಾನು ಈ ಪತ್ರ ಮುಗಿಸುವವರೆಗೆ ಕಾಯುವುದಾಗಿ ಹೇಳಿದ್ದಾಳೆ. ಆದ್ದರಿಂದ ನಿಧಾನವಾಗಿ ಬರೆಯುತ್ತಿದ್ದೇನೆ.