ನಲವತ್ತೊಂದು ಒತ್ತುಗಳು

23-2-2009, ಸೋಮವಾರ. ಬೆಳಿಗ್ಗೆ 10.15

ಶಿವಮೊಗ್ಗದ ಗಾಂಧಿ ಬಜಾರಿನ ನಮ್ಮ ಪ್ರೆಸ್ಸಿನ ನಾಲ್ಕೂ ಕಂಪ್ಯೂಟರುಗಳ ಆಂಟಿವೈರಸ್ ಅಪ್‌ಡೇಟ್ ಮುಗಿಯಿತು. ಭದ್ರಾವತಿ ಶಾಖೆಯ ಎರಡಕ್ಕೆ ನಾಳೆ. ಮೂರನೆಯದು ಮಾತ್ರ ಮತ್ತೆ ತಾನಾಗಿಯೇ ಆರಿ ಹೊತ್ತಿತು. ಕಾರಣ ಪತ್ತೆಯಾಯಿತು — ಮೇಲ್‌ನಲ್ಲಿ ಬಂದ ಒಂದು ಪಿಡಿಎಫ್. ಹೆಸರು ‘ವೆಡ್ಡಿಂಗ್ ಇನ್ವಿಟೇಶನ್’. ಮದುವೆ ಪತ್ರಿಕೆಯನ್ನೇ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಅದನ್ನು ತೆರೆಯದೆ ಬಿಡುವವರು ಯಾರು? ತೆರೆದವರು ಪ್ರೂಫ್ ನೋಡುವ ಜನಾರ್ದನ ಮೇಷ್ಟ್ರು. ಶಾಲೆಯಲ್ಲಿ ಕಲಿಸಿದವರಲ್ಲ, ಮೂವತ್ತು ವರ್ಷ ಎಲ್ಲರ ತಪ್ಪು ಹಿಡಿದು ಸಂಪಾದಿಸಿದ ಬಿರುದು ಅದು.

ಪಿಡಿಎಫ್ ತೆರೆಯಲು ಎಲ್ಲರೂ ಬಳಸುವ ಆ ರೀಡರ್‌ನಲ್ಲಿ ದೋಷವೊಂದು ಪತ್ತೆಯಾಗಿದೆಯೆಂದು ವಾರದಿಂದ ಓದುತ್ತಲೇ ಇದ್ದೆ. ಫೈಲ್ ತೆರೆದರೆ ಸಾಕು, ಕಳ್ಳ ಒಳಗೆ. ಯಜಮಾನ ಶಿವಯೋಗಪ್ಪನವರಿಗೆ ವಿವರಿಸಿ, ಬೇರೆಯದು ಹಾಕಬೇಕು ಎಂದೆ.

“ನೋಡಮ್ಮ ಅಮೂಲ್ಯ, ನೀನು ಗೋಲ್ಡ್ ಮೆಡಲ್ಲು. ಯಾವ್ದು ಸೇಫೋ ನೀನೇ ಆರ್ಸು. ಮದ್ವೆ ಸೀಸನ್ನಲ್ಲಿ ಮಿಷಿನ್ ನಿಲ್ಬಾರ್ದು, ಅಷ್ಟೇ.”

ಆರಿಸುತ್ತೇನೆ. ಪರೀಕ್ಷೆಗಳೆಂದರೆ ನನಗೆ ಎಂದೂ ಭಯವಿರಲಿಲ್ಲ.

27-2-2009, ಶುಕ್ರವಾರ

ಪಿಡಿಎಫ್ ತೋರಿಸುವ ಐದು ವ್ಯೂವರ್, ಹನ್ನೆರಡು ಪರೀಕ್ಷೆ. ಕೋಷ್ಟಕ ಹಾಕಿ ಅಂಕ ಕೊಟ್ಟೆ. ಫೈಲ್‌ನೊಳಗಿನ ಪ್ರೋಗ್ರಾಂ ಓಡಿಸುತ್ತದೆಯೇ? ಕೇಳದೆ ಇಂಟರ್‌ನೆಟ್‌ಗೆ ಹೋಗುತ್ತದೆಯೇ? ದೊಡ್ಡ ರೀಡರಿಗೆ ಬಾಗಿಲುಗಳೇ ಹೆಚ್ಚು. ಮೊದಲ ಸ್ಥಾನ ಅತ್ಯಂತ ಚಿಕ್ಕದಕ್ಕೆ — ಪುಟ ತೋರಿಸುವುದೊಂದೇ ಅದಕ್ಕೆ ಗೊತ್ತು. ಹನ್ನೆರಡಕ್ಕೆ ಹನ್ನೆರಡು. ನನಗೂ ಅದಕ್ಕೂ ಹೊಂದಿಕೆಯಾಗುತ್ತದೆ ಎಂದುಕೊಂಡೆ. (ಇದನ್ನು ಯಾರೂ ಓದುವುದಿಲ್ಲ, ಬರೆಯಬಹುದು.)

ಆರೂ ಯಂತ್ರಗಳಿಗೆ ಹಾಕಿಯಾಯಿತು.

9-3-2009, ಸೋಮವಾರ. ಸಂಜೆ

ಹತ್ತು ದಿನ ನೆಮ್ಮದಿ. ಒಂದು ಯಂತ್ರವೂ ಕೆಮ್ಮಲಿಲ್ಲ. ಇಲ್ಲಿಯ ಕನ್ನಡ ಕೆಲಸಕ್ಕೆ ಪಿಡಿಎಫ್ ಬೇಕಿಲ್ಲ, ಜೋಡಿಸಿದಲ್ಲಿಂದಲೇ ಪ್ರಿಂಟ್. ಭದ್ರಾವತಿಯಿಂದ ಮೇಲ್‌ನಲ್ಲಿ ಬಂದ ಪ್ರೂಫ್‌ಗಳೆಲ್ಲ ಕಾರ್ಖಾನೆಯವರ ಇಂಗ್ಲಿಷ್ ಬಿಲ್ ಪುಸ್ತಕಗಳು; ಚೊಕ್ಕವಾಗಿ ತೆರೆದುಕೊಂಡವು.

ಇಂದು ಅಲ್ಲಿಂದ ಮೊದಲ ಕನ್ನಡ ಕೆಲಸ — ಪೇಪರ್ ಟೌನಿನ ಉಜ್ಜನಪ್ಪನವರ ಮಗಳ ಮದುವೆ ಪತ್ರಿಕೆ. ಅಲ್ಲಿ ಡಿಟಿಪಿ ಮಾಡುವ ಲಿಖಿತಾ ಒತ್ತಕ್ಷರಗಳನ್ನೇ ನುಂಗಿದ್ದಾಳೆ! ಭದ್ರಾವತಿ ಹೋಗಿ ‘ಭದಾವತಿ’. ಶಿವಮೊಗ್ಗ ಹೋಗಿ ‘ಶಿವಮೊಗ’. ಕನ್ಯಾಪಿತೃವಿನ ಹೆಸರೇ ‘ಉಜನಪ’. ಮೇಷ್ಟ್ರು ಕೆಂಪು ಇಂಕಿನಲ್ಲಿ ನಲವತ್ತೊಂದು ಕಡೆ ಗುರುತು ಹಾಕಿದರು.

“ಹೆಣ್ಣಿನ ಅಪ್ಪನ್ ಹೆಸ್ರೇ ಹಿಂಗಾದ್ರೆ ಹೆಂಗಮ್ಮ? ಯುಗಾದಿ ಕಳೀಲಿ, ಆ ಕೆಲ್ಸಕ್ಕೆ ಬೇರೆ ಹುಡ್ಗೀನ ನೋಡೋಣ,” ಎಂದರು ಯಜಮಾನರು.

ಅವರ ಪರವಾಗಿ ಲಿಖಿತಾಗೆ ಕಟುವಾದ ಮೇಲ್ ಬರೆದೆ. ‘ಏಕಾಗ್ರತೆಯ ಕೊರತೆ’ ಎಂಬ ಪದ ಬಳಸಿದೆ. ಲಿಖಿತಾಳ ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ. ಆದರೂ ಕೆಲಸ ಕೆಲಸವೇ.

10-3-2009, ಮಂಗಳವಾರ. ಬಸ್ಸಿನಲ್ಲಿ, ಅಕ್ಷರ ಅಲುಗುತ್ತಿದೆ

ಭದ್ರಾವತಿಗೆ ಹೋಗಿ ಬರುತ್ತಿದ್ದೇನೆ. ಬುದ್ಧಿ ಹೇಳಿ ಬರಲು ಹೋಗಿದ್ದೆ.

“ಅಕ್ಕ, ನಾನು ಒಂದೊತ್ತೂ ಬಿಟ್ಟಿಲ್ಲ. ಬೇಕಾದ್ರೆ ನೋಡಿ,” ಎಂದು ಲಿಖಿತಾ ತಾನು ಜೋಡಿಸಿದ ಪುಟವನ್ನೇ ತೆರೆದಳು. ನಲವತ್ತೊಂದೂ ಇದ್ದವು. “ದಾರೀಲಿ ಬಿದ್ಹೋದ್ವಾ ಏನೋ.”

“ಒತ್ತು ಬೀಳೋಕೆ ಅದೇನು ಬಸ್ಸಲ್ಲಿ ಬಂತಾ?” ಎಂದು ನಕ್ಕೆ.

ಅವಳು ಗಿರಾಕಿಯನ್ನು ನೋಡಲು ಹೊರಗೆ ಹೋದಳು. ಅವಳ ಪಿಡಿಎಫ್ ಅನ್ನು ನನ್ನ ವ್ಯೂವರ್‌ನಲ್ಲಿ ತೆರೆದೆ — ಉಜನಪ. ನೆಟ್ ಕೇಬಲ್ ಕಿತ್ತು, ನಾನೇ ಮೂಲೆಗೆ ತಳ್ಳಿದ್ದ ಹಳೆಯ ರೀಡರಿನಲ್ಲಿ ತೆರೆದೆ — ಉಜ್ಜನಪ್ಪ.

ನಮ್ಮ ಕನ್ನಡ ಫಾಂಟಿನಲ್ಲಿ ಒತ್ತುಗಳು ಬೇರೆಯೇ ಚೂರುಗಳು. ನನ್ನ ಹನ್ನೆರಡಕ್ಕೆ ಹನ್ನೆರಡರ ವ್ಯೂವರಿಗೆ ಅವು ಕಾಣುವುದೇ ಇಲ್ಲ. ನಾನು ಪರೀಕ್ಷೆಗೆ ಬಳಸಿದ್ದು ನನ್ನ ಕಾಲೇಜಿನ ಪ್ರಾಜೆಕ್ಟ್ ರಿಪೋರ್ಟ್. ಇಂಗ್ಲಿಷ್. ಹನ್ನೆರಡು ಪರೀಕ್ಷೆಯಲ್ಲಿ ಒಂದೂ ಕನ್ನಡದ್ದಲ್ಲ…

ಲಿಖಿತಾ ಬಂದಾಗ “ನೋಡಿ ಹೇಳ್ತೀನಿ” ಎಂದಷ್ಟೇ ಹೇಳಿ ಹೊರಟೆ. ಯಾರಿಗೂ ತಿಳಿಯದಂತೆ ವ್ಯೂವರ್ ಬದಲಿಸಬಹುದು. ಮುಂದಿನ ಪ್ರೂಫ್ ಸರಿಯಾಗಿ ಬರುತ್ತದೆ. ಹುಡುಗಿ ತಿದ್ದಿಕೊಂಡಳು ಎನ್ನುತ್ತಾರೆ… ಅಥವಾ ಅಷ್ಟರಲ್ಲಿ ಯುಗಾದಿ ಕಳೆದಿರುತ್ತದೆ.

11-3-2009

ಹೇಳಲಿಲ್ಲ. ಯಜಮಾನರು ಊರಿನಲ್ಲಿರಲಿಲ್ಲ. ಅದು ನೆಪ, ಅವರ ಬಳಿ ಮೊಬೈಲ್ ಇತ್ತು.

12-3-2009, ಗುರುವಾರ

ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ ನಿಂತೆ. ಹಳೆಯ ರೀಡರಿನದೊಂದು, ನನ್ನ ವ್ಯೂವರಿನದೊಂದು, ಎರಡು ಪ್ರಿಂಟ್ ಅಕ್ಕಪಕ್ಕ ಇಟ್ಟೆ.

“ಹಂಗಾದ್ರೆ ತಪ್ಪು ಯಾರ್ದು?” ಎಂದರು ಯಜಮಾನರು.

“ನಂದು ಸರ್. ಲಿಖಿತಾದು ಏನೂ ಇಲ್ಲ.”

ಮೇಷ್ಟ್ರು ಮೇಜು ತಟ್ಟಿ ನಕ್ಕರು. “ಭದ್ರತೆಗೆ ಒತ್ತು ಕೊಡ್ತೀನಿ ಅಂತ ಹೋಗಿ ಒತ್ತನ್ನೇ ಕಿತ್ತಾಕಿದ್ಯಲ್ಲೇ ಮಾರಾಯ್ತಿ!” ಆಮೇಲೆ ಮೆಲ್ಲಗೆ, “ನಲವತ್ತೊಂದು ಸಲ ಕೆಂಪಿಂಕು ಅದ್ದಿದೀನಿ. ಅಷ್ಟು ತಪ್ಪು ಆ ಹುಡ್ಗಿ ಮಾಡ್ತಾಳಾ ಅಂತ ನನಗೂ ಹೊಳೀಲಿಲ್ಲ ನೋಡು.”

“ಮತ್ತೆ ಹಳೇದನ್ನೇ ಹಾಕ್ಬಿಡು,” ಎಂದರು ಯಜಮಾನರು.

ಇಲ್ಲ ಎಂದೆ. ಕಳ್ಳ ನುಗ್ಗುವ ಆ ಬಾಗಿಲು ಮುಚ್ಚಿಯೇ ಇರಬೇಕು. ಪರೀಕ್ಷೆ ಮತ್ತೆ ಆಗಬೇಕು, ಕನ್ನಡದಲ್ಲಿ.

ಮೇಷ್ಟ್ರು ಒಂದು ಚೀಟಿ ಬರೆದುಕೊಟ್ಟರು: ಸ್ತ್ರೀ, ರಾಷ್ಟ್ರ, ವೈಶಿಷ್ಟ್ಯ, ಜ್ಯೋತ್ಸ್ನಾ. ಸೀಸದ ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಹೊಸ ಅಕ್ಷರ ಬಂದಾಗ ಮೊದಲು ಇದೇ ಸಾಲನ್ನು ಅಚ್ಚು ತೆಗೆದು ನೋಡುತ್ತಿದ್ದರಂತೆ. ಕೊನೆಗೆ ‘ಉಜ್ಜನಪ್ಪ’ ಎಂದೂ ಸೇರಿಸಿದರು.

ಆ ಸಾಲಿನಲ್ಲಿ ಪಾಸಾದದ್ದು ನನ್ನ ಕೋಷ್ಟಕದ ಎರಡನೆಯ ಸ್ಥಾನದ್ದು. ಅದರಲ್ಲಿ ಪ್ರೋಗ್ರಾಂ ಓಡುವ ಸೌಲಭ್ಯವನ್ನು ಕೈಯಾರೆ ಮುಚ್ಚಬೇಕು, ಮುಚ್ಚಿದೆ. ಎರಡನೆಯ ಸ್ಥಾನ ಬಂದವರನ್ನು ನಾನು ಇಷ್ಟು ಗೌರವದಿಂದ ಎಂದೂ ನೋಡಿರಲಿಲ್ಲ.

ಲಿಖಿತಾಗೆ ಫೋನ್ ಮಾಡಿ ಕ್ಷಮೆ ಕೇಳಿದೆ.

“ಅಯ್ಯೋ ಅಕ್ಕ! ನಿಮ್ಮ ಮೇಲ್ ಬೇರೆ, ಮೊನ್ನೆ ಏನೂ ಹೇಳ್ದೆ ಹೊರಟ್ರಿ ಬೇರೆ, ನನ್ಗೇ ಅನುಮಾನ ಬಂದು ನಿನ್ನೆ ಕಣ್ಣು ಡಾಕ್ಟ್ರ ಹತ್ರ ಹೋಗಿದ್ದೆ. ‘ಕಣ್ಣು ಚೆನ್ನಾಗೇ ಇದೆಯಲ್ಲಮ್ಮ’ ಅಂತ ಅವ್ರಿಗೇ ಆಶ್ಚರ್ಯ!”

20-3-2009, ಶುಕ್ರವಾರ. ರವೀಂದ್ರನಗರ, ಮನೆ

ಸಾರ್ಥಕವಾದ ದಿನ. ಭದ್ರಾವತಿಯ ಎರಡಕ್ಕೂ ಹೊಸ ವ್ಯೂವರ್ ಹಾಕಿ ಬಂದೆ. ನಾನಿರುವಾಗಲೇ ಮತ್ತೊಂದು ‘ವೆಡ್ಡಿಂಗ್ ಇನ್ವಿಟೇಶನ್’ ಬಂತು. ಲಿಖಿತಾ ಅಭ್ಯಾಸಬಲದಿಂದ ಒತ್ತಿಯೇಬಿಟ್ಟಳು! ಖಾಲಿ ಪುಟ, ಜೊತೆಗೊಂದು ಎಚ್ಚರಿಕೆ: ಈ ಫೈಲ್ ಪ್ರೋಗ್ರಾಂ ಓಡಿಸಲು ನೋಡಿತು, ತಡೆಯಲಾಗಿದೆ.

“ಗಂಡೂ ಇಲ್ಲ ಹೆಣ್ಣೂ ಇಲ್ಲ, ಇದ್ಯಾವ ಸೀಮೆ ಮದ್ವೆ ಅಕ್ಕ?” ಎಂದಳು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಯುಗಾದಿಗೆ ಅವಳಿಗೆ ಹೊಸ ಕೀಬೋರ್ಡ್ ಕೊಡಿಸುತ್ತಾರಂತೆ ಯಜಮಾನರು.

ಉಜ್ಜನಪ್ಪನವರ ಪತ್ರಿಕೆ ಅಚ್ಚಾಗಿ ಬಂದಿದೆ. ಪ್ರೆಸ್ಸಿನವರೂ ಮದುವೆಗೆ ಬರಲೇಬೇಕೆಂದು ಎಲ್ಲರಿಗೂ ಒಂದೊಂದು ಕೊಟ್ಟಿದ್ದಾರೆ. ಕವರುಗಳ ಮೇಲೆ ಹೆಸರು ಬರೆದವಳು ಲಿಖಿತಾ. ಬಸ್ಸಿನಲ್ಲಿ ನಲವತ್ತೊಂದನ್ನೂ ಎಣಿಸಿದೆ, ಒಂದೂ ತಪ್ಪಿಲ್ಲ. ಮನೆಗೆ ಬಂದ ಮೇಲೆಯೇ ಕವರಿನ ಮೇಲೆ ಕಣ್ಣು ಬಿದ್ದದ್ದು. ದುಂಡಗಿನ ಅಕ್ಷರದಲ್ಲಿ — ‘ಕುಮಾರಿ ಅಮೂಲ, ಶಿವಮೊಗ.’

ಕಳ್ಳಿ!

ಅದನ್ನು ಈ ಪುಟಕ್ಕೇ ಅಂಟಿಸಿದ್ದೇನೆ. ತಿದ್ದಿಬಿಡೋಣವೆಂದು ಕೆಂಪು ಪೆನ್ನಿನ ಮುಚ್ಚಳ ತೆಗೆದೆ, ಆದರೆ ತಿದ್ದದೆ ಮತ್ತೆ ಮುಚ್ಚಿದೆ.