ನನ್ನ ರಕ್ತ ಮರೆಯದ ಕೊಕ್ಕೆಹುಳ

ಅಪ್ಪಾ,

ನಿಮ್ಮ ಮಾತು ನಂಬಿ ನಿಮ್ಮ ಮಗಳು ಮೊನ್ನೆ ಲ್ಯಾಬಿನಲ್ಲಿ ಮಾನ ಕಳೆದುಕೊಂಡಳು, ಗೊತ್ತಾ?

ತಾಲ್ಲೂಕು ಆಸ್ಪತ್ರೆಯಲ್ಲಿ ನೀವು ಊರವರ ಮಲ ಪರೀಕ್ಷೆ ಮಾಡುತ್ತಿದ್ದದ್ದು ಕಣ್ಣಿಗೆ ಕಟ್ಟಿದಂತಿದೆ. ಕೊಕ್ಕೆಹುಳದ ಮೊಟ್ಟೆ ಕಂಡರೆ ಸಾಕು, ಮಣ್ಣಿನಲ್ಲಿರುವ ಮರಿಹುಳ ಅಂಗಾಲಿನಿಂದಲೇ ಒಳಗೆ ಹೊಗುತ್ತದೆ ಎಂದು ಬರಿಗಾಲಲ್ಲಿ ಬಂದವರಿಗೆ ಮಂಗಳಾರತಿ! "ನನ್ ಮಗಳಿಗೆ ಒಂದು ದಿನಾನಾದ್ರೂ ಹುಳ ಆಗಿದ್ಯೇನ್ರೀ?" ಎಂದು ನನ್ನನ್ನು ಮುಂದೆ ನಿಲ್ಲಿಸುತ್ತಿದ್ದಿರಿ. ನಾನೂ ಉಬ್ಬಿಹೋಗುತ್ತಿದ್ದೆ.

ಆ ಜಂಬ ನ್ಯೂಜಿಲೆಂಡಿನ ಆಕ್ಲೆಂಡಿನವರೆಗೂ ಬಂತು ನೋಡಿ. ಅದೇ ಹುಳದ ಮೈಮೇಲಿನ ಪ್ರೋಟೀನನ್ನು ಮನುಷ್ಯರ ರಕ್ತ ಗುರುತಿಸುತ್ತದೆಯೇ ಎಂದು ನೋಡುವುದೇ ಇಲ್ಲಿ ನನ್ನ ಕೆಲಸ. ಸಣ್ಣ ಗುಳಿಗಳಿರುವ ತಟ್ಟೆಗೆ ಪ್ರೋಟೀನ್ ಅಂಟಿಸಿ, ಮೇಲೆ ರಕ್ತದ ತಿಳಿ ಹಾಕುತ್ತೇವೆ. ಗುರುತು ಸಿಕ್ಕರೆ ಕೊನೆಗೆ ಹಳದಿ ಬಣ್ಣ. ಹೋಲಿಕೆಗೆಂದು, ಎಂದೂ ಹುಳ ತಗಲದವರ ರಕ್ತ ಬೇಕಿತ್ತು. "ನಂದೇ ತಗೊಳ್ಳಿ, ನಮ್ಮಪ್ಪ ಲ್ಯಾಬ್ ಟೆಕ್ನಿಷಿಯನ್ ಆಗಿದ್ರು" ಎಂದು ಇಂಗ್ಲಿಷಿನಲ್ಲಿ ಜಂಬ ಕೊಚ್ಚಿ ತೋಳು ಚಾಚಿದೆ.

ಎಲ್ಲಕ್ಕಿಂತ ಗಾಢ ಹಳದಿ ನನ್ನ ರಕ್ತದ ಗುಳಿಗಳೇ! ಇಲ್ಲಿಯವಳೇ ಆದ ನಮ್ಮ ಬಾಸ್ ತಟ್ಟೆ ನೋಡಿದಳು, ನನ್ನ ಮುಖ ನೋಡಿದಳು. ವಾರದ ಕೆಲಸ ನೀರುಪಾಲು. ಹಾಗಾದರೆ ನೀವು... ಛೆ, ಅಪ್ಪ ಸುಳ್ಳು ಹೇಳುತ್ತಾರೆಯೇ?

ಹೆಂಡರ್ಸನ್ ಬಡಾವಣೆಯ ನಮ್ಮ ಮನೆಗೆ ಬಂದವಳೇ, ಬಟಾಣಿ ಬಿಡಿಸುತ್ತಿದ್ದ ಅಮ್ಮನನ್ನು ಕೇಳಿದೆ. ಅಮ್ಮ ತಲೆ ಎತ್ತಲಿಲ್ಲ.

"ನಿಂಗಾಗ ನಾಲ್ಕು ವರ್ಷ ಕಣೇ. ಬಿಳಿಚ್ಕೊಂಡಿದ್ದೆ. ಮಣ್ಣಲ್ಲಿ ಬರಿಗಾಲಲ್ಲಿ ಆಡಕ್ಕೆ ಬಿಟ್ಟಿದ್ದೋರೇ ನಿಮ್ಮಪ್ಪ. ಟೆಸ್ಟಲ್ಲಿ ಮೊಟ್ಟೆ ಸಿಕ್ತು. ಮಾತ್ರೆ ಕೊಟ್ಟು, ಬಚ್ಚಲುಮನೆ ಚಿಲಕ ಹಾಕ್ಕೊಂಡು ಅತ್ರು. ಯಾರಿಗೂ ಹೇಳ್ಬೇಡ ಅಂದ್ರು."

ಇಷ್ಟಾಗಿಯೂ ಊರಿನ ಮುಂದೆ ನನ್ನನ್ನು ನಿಲ್ಲಿಸಿದಿರಲ್ಲ! ಸಿಟ್ಟು ಬಂತು, ಸುಳ್ಳೇಕೆ ಹೇಳಲಿ.

ಮರುದಿನ ಮತ್ತೆ ಆ ತಟ್ಟೆ ಕೈಗೆತ್ತಿಕೊಂಡೆ. ಯೋಚಿಸಿ ನೋಡಿ ಅಪ್ಪಾ. ಹುಳ ಹೋಗಿ ನಲವತ್ತು ವರ್ಷವಾಯಿತು. ನನಗೆ ಬಿಳಿಚಿಕೊಂಡದ್ದರ ನೆನಪಿಲ್ಲ, ಮಾತ್ರೆಯ ನೆನಪಿಲ್ಲ. ಕಣ್ಣಿಗೂ ಕಾಣದ ಆ ಮರಿಹುಳದ ಮೈಚಹರೆಯನ್ನು ನನ್ನ ರಕ್ತ ಮಾತ್ರ ಇಂದಿಗೂ ಮರೆತಿಲ್ಲ. ಸಮುದ್ರ ದಾಟಿದರೂ ಕಾವಲು ಬಿಟ್ಟಿಲ್ಲ. ಎಂಥ ಸೋಜಿಗ! ಇದಕ್ಕೆ ಯಾರು ಕಲಿಸಿದರು? ನೀವಿದ್ದಿದ್ದರೆ ಕನ್ನಡಕ ಒರೆಸಿಕೊಂಡು, ಇನ್ನೊಮ್ಮೆ ತೋರಿಸೇ ಎಂದು...

ಬಾಸ್‌ಗೆ ಎಲ್ಲ ಹೇಳಿ ಸಾರಿ ಕೇಳಿದೆ. "ಸಾರಿ ಯಾಕೆ? ನಲವತ್ತು ವರ್ಷದ ನೆನಪು ಇದು. ಸ್ವೀಟ್ ಆ್ಯಸ್!" ಎಂದು ಹಿಗ್ಗಿದಳು; ಇಲ್ಲಿಯವರ ಮಾತಿನಲ್ಲಿ ಹಾಗೆಂದರೆ ಭಾರಿ ಚೆನ್ನಾಯಿತು ಎಂದು. ಇನ್ನು ಹುಳವನ್ನು ಬಲ್ಲ ರಕ್ತ ಹೇಗಿರುತ್ತದೆ ಎಂಬುದಕ್ಕೆ ನನ್ನದೇ ಮಾದರಿ.

ನಾನು ಚೆನ್ನಾಗಿದ್ದೇನೆ ಅಪ್ಪಾ. ನಿಮ್ಮ ಮಾತ್ರೆ ತಡವಾಗಿರಲಿಲ್ಲ. ಅತ್ತದ್ದು ಸಾಕು, ಚಿಲಕ ತೆಗೆದು ಹೊರಗೆ ಬನ್ನಿ.

ನಿಮ್ಮ ಮಗಳು